ಈ ವರ್ಷದ ಸೊನ್ನೆ

ಬೆಳಿಗ್ಗೆ ಒಂಬತ್ತಕ್ಕೆ ‘ತಾಯಿಬೇರು’ ಕಂಪನಿಯ ಗೇಟು ದಾಟಿದವರು ಯಾರೇ ಆಗಲಿ, ಮೊದಲು ಹೋಗಿ ನಿಲ್ಲಬೇಕಾದದ್ದು ಕಷಾಯದ ಸಾಲಿನಲ್ಲಿ. ವಿಜ್ಞಾನಿಯಾದರೂ ಅಷ್ಟೇ, ಡ್ರೈವರಾದರೂ ಅಷ್ಟೇ. ಸಾಲಿನ ತುದಿಯಲ್ಲಿ ಕಂಪನಿ ಕಟ್ಟಿದ ಸರ್ವೋತ್ತಮ ರಾವ್ ತಾವೇ ಸೌಟು ಹಿಡಿದು ನಿಂತು ಸ್ಟೀಲ್ ಲೋಟಗಳಿಗೆ ಬಿಸಿ ಕಷಾಯ ಹುಯ್ಯುತ್ತಿದ್ದರು. ಲೋಟಕ್ಕೊಂದು ಮಾತು ಪುಕ್ಕಟೆ. ‘ಮಗಳ ಜ್ವರ ಬಿಡ್ತೇನಮ್ಮ?’ ‘ಏನಪ್ಪ, ಹೊಟ್ಟೆ ನಿನಗಿಂತ ಮುಂದೆ ಬರ್ತಿದೆಯಲ್ಲ?’ ಮುಖ ಕಿವುಚಿಕೊಂಡು ಕುಡಿದವರಿಗೆ ಇನ್ನರ್ಧ ಸೌಟು ಜಾಸ್ತಿ ಬೀಳುತ್ತಿತ್ತು. ಅವರನ್ನು ಸರ್ ಎಂದು ಕರೆಯುವಂತಿರಲಿಲ್ಲ. ಆ ಕಟ್ಟಡದೊಳಗೆ ಎಲ್ಲರೂ ಅಣ್ಣ, ಎಲ್ಲರೂ ಅಕ್ಕ. ಲಿಫ್ಟಿಗೆ ಬೀಗ, ಕ್ಯಾಂಟೀನಿನಲ್ಲಿ ಸಕ್ಕರೆ ಇಲ್ಲ, ಹುಟ್ಟುಹಬ್ಬಕ್ಕೆ ಕೇಕಿನ ಬದಲು ಹುರಿಗಡಲೆ ಬೆಲ್ಲ. ಇಷ್ಟೆಲ್ಲ ಕಟ್ಟುಪಾಡಿದ್ದರೂ ಯಾರೂ ಕೆಲಸ ಬಿಟ್ಟು ಹೋಗುತ್ತಿರಲಿಲ್ಲ, ಯಾಕೆಂದರೆ ಕಾಯಿಲೆ ಬಿದ್ದಾಗ ಮನೆ ಬಾಗಿಲಿಗೆ ಮೊದಲು ಬರುತ್ತಿದ್ದವರು ಸರ್ವೋತ್ತಮಣ್ಣನೇ.

ಇಂದುಮತಿ ಈ ಸಾಲಿನಲ್ಲಿ ನಿಲ್ಲಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು. ಅವಳ ಕೆಲಸದ ಹೆಸರು ದೊಡ್ಡದಿತ್ತು, ಆದರೆ ಕಂಪನಿಯಲ್ಲಿ ಎಲ್ಲರೂ ‘ಸೊನ್ನೆ ಅಕ್ಕ’ ಎಂದೇ ಕರೆಯುತ್ತಿದ್ದರು. ಅದು ತಮಾಷೆಯೂ ಹೌದು, ಮರ್ಯಾದೆಯೂ ಹೌದು.

ತಾಯಿಬೇರು ಶುರುವಾದದ್ದು ಜನರಿಗೆ ಅವರವರ ವಂಶ ಹೇಳುವುದಕ್ಕೆ. ಪುಟ್ಟ ನಳಿಕೆಯಲ್ಲಿ ಎಂಜಲು ತುಂಬಿ ಕಳಿಸಿದರೆ, ನಿಮ್ಮ ಹಿರೀಕರು ಯಾವ ಸೀಮೆಯಿಂದ ಬಂದರು, ಯಾರ ಜೊತೆ ಬೆರೆತರು ಎಂದೆಲ್ಲ ಬಣ್ಣಬಣ್ಣದ ನಕ್ಷೆ ಬರುತ್ತಿತ್ತು. ಅದರಿಂದ ನಾಲ್ಕಾರು ಮದುವೆ ಮನೆಗಳಲ್ಲಿ ಜಗಳ ಎದ್ದದ್ದು ಬಿಟ್ಟರೆ ಜಗತ್ತಿಗೆ ಆದ ಉಪಯೋಗ ಕಡಿಮೆ. ಆಮೇಲೆ ಬಂತು ‘ಮುನ್ನೋಟ’. ಅದರ ಹಿಂದಿನ ವಿಚಾರ ಸರಳವಾಗಿತ್ತು. ನಮ್ಮ ಮೈಯಲ್ಲಿ ಜೀವಕೋಶಗಳು ಸಾಯುತ್ತಲೇ ಇರುತ್ತವೆ. ಸತ್ತ ಕೋಶದ ಡಿಎನ್‌ಎ ಚೂರುಚೂರಾಗಿ ರಕ್ತದಲ್ಲಿ ತೇಲಿ ಎಂಜಲಿಗೂ ಇಳಿಯುತ್ತದೆ. ಯಾವ ಚೂರು ಹೃದಯದ್ದು, ಯಾವುದು ಮೂತ್ರಪಿಂಡದ್ದು ಎನ್ನುವ ಗುರುತು ಆ ಚೂರಿನ ಮೇಲೇ ಇರುತ್ತದೆ. ಎಣಿಸಿ ನೋಡಿ, ಒಂದು ಅಂಗದ ಚೂರುಗಳು ಇರಬೇಕಾದ್ದಕ್ಕಿಂತ ಹೆಚ್ಚಾಗಿದ್ದರೆ ಆ ಅಂಗ ಒಳಗೊಳಗೇ ಸಾಯುತ್ತಿದೆ ಎಂದು ಅರ್ಥ. ವರದಿಯಲ್ಲಿ ಅದು ಕೆಂಪು. ಇಲ್ಲದಿದ್ದರೆ ಹಸಿರು.

ಇರಬೇಕಾದ್ದು ಅಂದರೆ ಎಷ್ಟು? ಅದಕ್ಕೊಂದು ಅಳತೆ ಬೇಕಲ್ಲ, ಆ ಅಳತೆಯೇ ಸೊನ್ನೆ. ಸರ್ವೋತ್ತಮಣ್ಣನಿಗೆ ಅದನ್ನು ಹುಡುಕಿಕೊಂಡು ದೂರ ಹೋಗುವ ಅಗತ್ಯ ಕಾಣಲಿಲ್ಲ. ‘ನಮಗಿಂತ ಆರೋಗ್ಯವಂತರು ಈ ದೇಶದಲ್ಲಿ ಯಾರಿದ್ದಾರೆ ಹೇಳಿ?’ ಎಂದು ಕೇಳಿದರು. ಅಂದಿನಿಂದ ಪ್ರತಿ ವರ್ಷ ಕಂಪನಿಯ ಹುಟ್ಟಿದ ದಿನ ಆರುನೂರು ಜನರೂ ನಗುನಗುತ್ತಾ ನಳಿಕೆಗಳಿಗೆ ಉಗುಳುತ್ತಿದ್ದರು. ಅಷ್ಟನ್ನೂ ಒಂದು ದೊಡ್ಡ ಸೀಸೆಗೆ ಸುರಿದರೆ ಆ ವರ್ಷದ ಸೊನ್ನೆ ತಯಾರು. ಸೀಸೆಯನ್ನು ಹುಂಡಿ ಎಂದು ಕರೆಯುತ್ತಿದ್ದರು. ಇಂದುಮತಿ ಅದನ್ನು ಪರೀಕ್ಷಿಸಿ, ವಾರದ ನಂತರ ಎಲ್ಲರೆದುರು ನಿಂತು ‘ಈ ವರ್ಷದ ಸೊನ್ನೆ ಸರಿಯಾಗಿದೆ’ ಎಂದು ಹೇಳಬೇಕು. ಆಗ ಚಪ್ಪಾಳೆ. ಅವಳು ಪರೀಕ್ಷಿಸುತ್ತಿದ್ದದ್ದು ಕೊಳೆ ಬೆರೆತಿದೆಯೇ, ಕೆಟ್ಟಿದೆಯೇ ಎಂಬುದನ್ನು ಮಾತ್ರ. ಸೊನ್ನೆಯಿಂದ ಬೇರೆಯವರನ್ನು ಅಳೆಯುತ್ತಿದ್ದರೇ ಹೊರತು ಸೊನ್ನೆಯನ್ನೇ ಅಳೆಯಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

ಮುನ್ನೋಟ ಬಂದ ಮೇಲೆ ಸೂಜಿ ಹೋಯಿತು. ಎಂಜಲಿನಲ್ಲಿ ಎಲ್ಲವೂ ಗೊತ್ತಾಗುವಾಗ ರಕ್ತ ಯಾಕೆ ತೆಗೆಯಬೇಕು? ಬೀದಿಬೀದಿಯ ರಕ್ತಪರೀಕ್ಷೆ ಅಂಗಡಿಗಳು ಬಾಗಿಲು ಹಾಕಿದವು. ವಿಮೆಯವರು, ಆಸ್ಪತ್ರೆಯವರು, ಅಂಗ ಕಸಿಯ ಸರದಿ ನೋಡಿಕೊಳ್ಳುವವರು, ಎಲ್ಲರೂ ಕೇಳುವುದು ಒಂದೇ, ಮುನ್ನೋಟದ ಬಣ್ಣ. ಕಸಿಯ ನಿಯಮವೂ ಅಷ್ಟೇ ಚೊಕ್ಕ. ಪಡೆಯುವವನು ಕೆಂಪಿರಬೇಕು, ಕೊಡುವವನು ಹಸಿರಿರಬೇಕು. ಮೂತ್ರಪಿಂಡದ ಕೆಂಪಂತೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದು, ಪತ್ರಿಕೆಗಳು ಅದನ್ನು ಸಾಧನೆ ಎಂದು ಬರೆದವು. ಡಯಾಲಿಸಿಸ್ ವಾರ್ಡುಗಳಲ್ಲಿ ಯೋಗದ ಚಾಪೆ ಹಾಸಿದರು.

ಇಂದುಮತಿಯ ಗಂಡ ಶ್ರೀಕಂಠ ಆ ಹೊತ್ತಿಗೆ ಸರಿಯಾಗಿ ಸಾಯಲು ಶುರುಮಾಡಿದ್ದ.

* * *

‘ಶೂ ಹಾಕ್ಕೊಳಕ್ಕಾಗ್ತಿಲ್ಲ ಕಣೇ. ಕಾಲು ಆನೆ ಕಾಲಾಗಿದೆ,’ ಎಂದ ಶ್ರೀಕಂಠ, ಮಂಚದ ಅಂಚಿನಲ್ಲಿ ಕೂತು. ‘ಒಂದು ರೀತೀಲಿ ಒಳ್ಳೇದೇ. ನಮ್ಮ ಆಸ್ಪತ್ರೇಲೇ ಅಡ್ಮಿಟ್ ಆಗಬಹುದು.’

ಅವನು ಊರ ಹೊರಗಿನ ಪ್ರಾಣಿಗಳ ಆಸ್ಪತ್ರೆಯಲ್ಲಿ ಎಕ್ಸ್‌-ರೇ ತೆಗೆಯುವವನು. ಒದೆಯುವ ಹಸು, ಕಚ್ಚುವ ನಾಯಿ, ಕಾಲು ಮುರಿದ ನವಿಲು, ಎಲ್ಲವನ್ನೂ ಮಾತಾಡಿಸಿ ಮಾತಾಡಿಸಿಯೇ ಅಲುಗಾಡದಂತೆ ಮಲಗಿಸುತ್ತಿದ್ದ. ಈಗ ಮೆಟ್ಟಿಲು ಹತ್ತಿದರೆ ಏದುಸಿರು, ಬಾಯಲ್ಲಿ ತುಕ್ಕಿನ ರುಚಿ, ತಿಂದದ್ದು ನಿಲ್ಲುತ್ತಿರಲಿಲ್ಲ. ಮೂರು ಸಲ ಮುನ್ನೋಟ ಮಾಡಿಸಿದ್ದಾಯಿತು. ಮೂರೂ ಸಲ ಹಸಿರು. ಹಸಿರಿನವನಿಗೆ ಏನು ಔಷಧಿ ಕೊಡುವುದು? ದೊಡ್ಡಾಸ್ಪತ್ರೆಯ ಡಾಕ್ಟರು ಉಪ್ಪು ಕಡಿಮೆ ಮಾಡಿ, ಚೆನ್ನಾಗಿ ನಿದ್ದೆ ಮಾಡಿ ಎಂದು ಹೇಳಿ ಕಳಿಸಿದರು.

ಕೊನೆಗೆ ಪ್ರಾಣಿಗಳ ಆಸ್ಪತ್ರೆಯ ಡಾಕ್ಟರ್ ಬೋಪಯ್ಯನವರೇ ಒಂದು ದಿನ ತಡೆಯಲಾಗದೆ, ‘ಏ ಶ್ರೀಕಂಠ, ಬಾ ಇಲ್ಲಿ, ತೋಳು ಕೊಡು,’ ಎಂದು ಸೂಜಿ ಚುಚ್ಚಿದರು. ಪ್ರಾಣಿಗಳಿಗೆ ಇನ್ನೂ ಸೂಜಿ ಇತ್ತು. ಅವರ ಯಂತ್ರದಲ್ಲಿ ಮನುಷ್ಯ ಎಂಬ ಆಯ್ಕೆ ಇರಲಿಲ್ಲವಾಗಿ, ಹತ್ತಿರದ್ದೆಂದು ಹಂದಿ ಎಂದು ಒತ್ತಿದರು. ಇಷ್ಟು ವಯಸ್ಸಿನ ಹಂದಿ ಇರಲು ಸಾಧ್ಯವಿಲ್ಲ ಎಂದು ಯಂತ್ರ ತಕರಾರು ತೆಗೆಯಿತು. ಆಮೇಲೆ ಅದು ಹೇಳಿದ ಸಂಗತಿ ಮಾತ್ರ ತಮಾಷೆಯದಾಗಿರಲಿಲ್ಲ. ಮೂತ್ರಪಿಂಡಗಳು ಹತ್ತರಲ್ಲಿ ಒಂದು ಪಾಲೂ ಕೆಲಸ ಮಾಡುತ್ತಿರಲಿಲ್ಲ. ಬೋಪಯ್ಯನವರು ಇಂದುಮತಿಗೆ ಫೋನ್ ಮಾಡಿ, ‘ಹಸು ಆಗಿದ್ರೆ ನಾನು ಮಾಲೀಕನಿಗೆ ಹೇಳ್ತಿದ್ದೆ, ಇನ್ನು ಹಿಂಸೆ ಕೊಡಬೇಡಪ್ಪ ಅಂತ. ನಿಮಗೆ ಏನು ಹೇಳ್ಲಮ್ಮ?’ ಎಂದಿದ್ದರು.

ಆ ಹಾಳೆ ಹಿಡಿದು ಅವಳು ದೊಡ್ಡಾಸ್ಪತ್ರೆಗೆ ಓಡಿದಳು. ಡಾಕ್ಟರು ‘ಹಂದಿ, ಗಂಡು’ ಎಂಬುದನ್ನು ಓದಿ, ನಕ್ಕುಬಿಡಬಾರದೆಂದು ತುಟಿ ಬಿಗಿಹಿಡಿದರು. ‘ನೀವೇ ತಾಯಿಬೇರಿನವರು ಮೇಡಂ. ನಿಮ್ಮ ಕಂಪನಿ ಹಸಿರು ಅಂದಮೇಲೆ ನಾನು ಕೆಂಪು ಅಂತ ಬರೆಯೋಕೆ ಕಂಪ್ಯೂಟರೇ ಬಿಡಲ್ಲ,’ ಎಂದರು. ಸರದಿಯಲ್ಲಿ ಹೆಸರು ಸೇರುವುದಿಲ್ಲ, ಕಸಿ ಮಾಡುವಂತಿಲ್ಲ, ಡಯಾಲಿಸಿಸ್ಸೂ ಇಲ್ಲ. ಅವಳು ನನ್ನದೇ ಒಂದು ಮೂತ್ರಪಿಂಡ ತೆಗೆದುಕೊಳ್ಳಿ, ರಕ್ತದ ಗುಂಪು ಹೊಂದುತ್ತದೆ ಎಂದಳು. ಅದಕ್ಕೂ ಅವನು ಕೆಂಪಾಗಬೇಕಿತ್ತು.

‘ನಿಂದಂತೂ ಬೇಡ,’ ಎಂದ ಶ್ರೀಕಂಠ ಈಗ, ಕಾಲಿಗೆ ಚಪ್ಪಲಿ ತುರುಕಿಕೊಳ್ಳುತ್ತಾ. ‘ನಿನ್ನ ಹೊಟ್ಟೆ ಕುಯ್ಸಿ ನಾನು ಬದುಕ್ಬೇಕಾ? ನೂರು ಸಲ ಹೇಳಿದ್ದೀನಿ.’

‘ನಾನೂ ನೂರು ಸಲ ಕೇಳಿದ್ದೀನಿ ರೀ. ನೂರಾಒಂದನೇ ಸಲ ಹೂಂ ಅನ್ನಿ.’

‘ಮೊದ್ಲು ಕಷಾಯ ಕೊಡು, ಹೊತ್ತಾಗ್ತಿದೆ.’

ಶುಕ್ರವಾರ ಶುಕ್ರವಾರ ಕಂಪನಿಯವರು ಕೆಲಸಗಾರರ ಮನೆಗೆಂದು ಕಷಾಯದ ಪುಡಿಯ ಪೊಟ್ಟಣ ಕೊಡುತ್ತಿದ್ದರು. ಈಚೆಗೆ ಮುನ್ನೋಟದ ಡಬ್ಬಿ ಕೊಂಡವರಿಗೂ ಅದು ಉಚಿತವಾಗಿ ಹೋಗುತ್ತಿತ್ತು. ಶ್ರೀಕಂಠನಿಗೆ ಅದರ ಕಹಿ ಎಂದೂ ಸೇರಿದ್ದಿಲ್ಲ. ವರ್ಷಗಟ್ಟಲೆ ಅವಳೇ ಗದರಿಸಿ, ಮುದ್ದು ಮಾಡಿ, ಮೂಗು ಹಿಡಿದು ಅಭ್ಯಾಸ ಮಾಡಿಸಿದ್ದಳು. ಈಗ ಅವನು ಲೋಟ ಬರಿದು ಮಾಡಿ, ‘ಇದು ಇಲ್ದಿದ್ರೆ ಯಾವತ್ತೋ ಹೋಗ್ಬಿಡ್ತಿದ್ದೆ ಅನ್ಸುತ್ತೆ,’ ಎಂದು ಬಾಯೊರೆಸಿಕೊಂಡ.

* * *

ಯಂತ್ರ ಸರಿ, ಎಂಜಲು ಸರಿ, ಗಂಡನ ಕಾಯಿಲೆ ಕಣ್ಣಿಗೆ ಕಾಣುತ್ತಿದೆ. ಹಾಗಿದ್ದರೆ ತಪ್ಪಿರುವುದು ಎಲ್ಲಿ? ಇಂದುಮತಿ ಒಂದು ವಾರ ಇದನ್ನೇ ತಲೆಯಲ್ಲಿ ತಿರುಗಿಸಿದಳು. ಉಳಿದದ್ದು ಒಂದೇ, ಅವಳೇ ಕಾಯುತ್ತಿದ್ದ ಸೊನ್ನೆ. ಅದನ್ನು ಅನುಮಾನಿಸುವುದು ಅವಳಿಗೆ ದೇವರ ಮನೆಯಲ್ಲಿ ಚಪ್ಪಲಿ ಹಾಕಿ ನಿಂತಷ್ಟು ಕಸಿವಿಸಿ ತಂದಿತು.

ಅವಳು ಲೆಕ್ಕದ ವಿಭಾಗದ ಜುನೈದ್‌ನನ್ನು ಕರೆದಳು. ಕಂಪನಿಯ ಎಲ್ಲ ಎಣಿಕೆಯೂ ಅವನು ಬರೆದ ಪ್ರೋಗ್ರಾಮಿನಲ್ಲೇ ನಡೆಯುತ್ತಿತ್ತು. ಮದುವೆಯಾಗಿ ಎರಡು ವರ್ಷ, ಹೆಂಡತಿ ಸಬೀನಾಳ ಫೋಟೋವನ್ನು ಮೇಜಿನ ಮೇಲಿಟ್ಟುಕೊಂಡು ಎಲ್ಲರಿಂದ ಕೀಟಲೆ ಮಾಡಿಸಿಕೊಳ್ಳುತ್ತಿದ್ದ ಮನುಷ್ಯ.

‘ಹಳೇ ಹುಂಡಿಗಳು ಇದ್ದಾವಲ್ಲ, ಫ್ರೀಜರ್‌ನಲ್ಲಿ. ಮೊದಲನೇ ವರ್ಷದ್ದು ತೆಗೆದು ಈ ವರ್ಷದ್ದರ ಜೊತೆ ಓಡಿಸೋಣ. ಅದನ್ನ ಸೊನ್ನೆ ಅಂತ ಇಟ್ಕೊಂಡು, ಇದನ್ನ ಗಿರಾಕಿ ಅಂತ ತಿಳ್ಕೋ,’ ಎಂದಳು.

‘ಸೊನ್ನೇನ ಸೊನ್ನೆಯಿಂದ ಕಳೆದ್ರೆ ಸೊನ್ನೆಯೇ ಅಕ್ಕ,’ ಎಂದು ಅವನು ನಕ್ಕ.

ಮೊದಲ ಹುಂಡಿಯಿಂದ ತೆಗೆದಿಟ್ಟಿದ್ದ, ಮಂಜು ಕಟ್ಟಿದ್ದ ನಳಿಕೆಯೊಂದನ್ನು ಅವಳು ಅಂಗೈಯಲ್ಲಿಟ್ಟುಕೊಂಡು ಕರಗಿಸಿದಳು. ಯಂತ್ರ ಮಧ್ಯಾಹ್ನದವರೆಗೆ ಓಡಿತು. ಪರದೆಯ ಮೇಲೆ ಹೃದಯ ಹಸಿರು, ಪಿತ್ತಕೋಶ ಹಸಿರು, ಮಿದುಳು ಹಸಿರು ಎಂದು ಒಂದೊಂದಾಗಿ ಬಂತು. ಮೂತ್ರಪಿಂಡದ ಗೆರೆ ಮಾತ್ರ ಮೇಲೇರತೊಡಗಿ, ನಿಲ್ಲುವ ಕಡೆ ನಿಲ್ಲದೆ, ಪರದೆಯ ಆಚೆಗೆ ಹೋಯಿತು. ದೇಶಕ್ಕೇ ಆರೋಗ್ಯದ ಮಾದರಿ ಎನಿಸಿಕೊಂಡ ಆರುನೂರು ಜನರ ಮೂತ್ರಪಿಂಡಗಳು ಸಾಯುತ್ತಿದ್ದವು. ಎಲ್ಲರದ್ದೂ ಒಟ್ಟಿಗೇ ಸಾಯುತ್ತಿದ್ದರಿಂದ ಅದೇ ಸರಿಯಾದ ಅಳತೆ ಎನಿಸಿಕೊಂಡಿತ್ತು. ಆ ಅಳತೆಗೆ ಹಿಡಿದರೆ ಕಾಯಿಲೆಯವರೆಲ್ಲ ಹಸಿರು. ಶ್ರೀಕಂಠನೂ ಹಸಿರು.

ಜುನೈದ್ ನಗುವುದನ್ನು ನಿಲ್ಲಿಸಿದ್ದ. ಮಧ್ಯದ ವರ್ಷಗಳ ಹುಂಡಿಗಳನ್ನೂ ಒಂದೊಂದಾಗಿ ಓಡಿಸಿದರು. ಎರಡನೆಯ ವರ್ಷದಿಂದ ಗೆರೆ ಮೇಲಕ್ಕೆ ಹೊರಟಿತ್ತು. ‘ಎರಡನೇ ವರ್ಷ ಏನಾಯ್ತಕ್ಕ?’ ಎಂದು ಅವನು ಕೇಳಿದ. ಉತ್ತರ ಅವಳ ನಾಲಿಗೆಯ ಮೇಲೇ ಕಹಿಯಾಗಿ ಕೂತಿತ್ತು, ಆದರೂ ಹೇಳಲು ಧೈರ್ಯ ಬರಲಿಲ್ಲ. ಚೂರುಗಳ ಅಕ್ಷರ ಓದಿಸಿ ನೋಡೋಣ ಎಂದಳು. ಡಿಎನ್‌ಎಯ ಬರಹದಲ್ಲಿ ಎ ಇರಬೇಕಾದ ಎಷ್ಟೋ ಕಡೆ ಟಿ ಬಂದು ಕೂತಿತ್ತು. ಅಂಥ ಗಾಯ ಮಾಡುವ ವಿಷ ತೀರಾ ಅಪರೂಪ. ಈಶ್ವರಿ ಬಳ್ಳಿಯ ಬೇರಿನಲ್ಲಿ ಅದು ಇರುತ್ತದೆ.

ಕಷಾಯದ ಪುಡಿಯಲ್ಲಿ ಈಶ್ವರಿ ಬೇರು ಇದೆ ಎಂದು ಪೊಟ್ಟಣದ ಮೇಲೇ, ಹೆಮ್ಮೆಯಿಂದ, ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಕಷಾಯದ ಸಾಲು ಶುರುವಾದದ್ದೂ ಆ ಎರಡನೆಯ ವರ್ಷವೇ. ಅಜ್ಜಿಯ ಕಾಲದಿಂದ ಬಂದದ್ದನ್ನು ಯಾರಾದರೂ ಪರೀಕ್ಷೆಗೆ ಹಚ್ಚುತ್ತಾರೆಯೇ? ಜಗತ್ತಿನವರ ಜೀನುಗಳನ್ನೆಲ್ಲ ಓದುತ್ತಿದ್ದ ಆ ಕಟ್ಟಡದಲ್ಲಿ ತಾವು ಕುಡಿಯುವ ಲೋಟದೊಳಗೆ ಇಣುಕಿದವರು ಒಬ್ಬರೂ ಇರಲಿಲ್ಲ. ಆ ವಿಷವನ್ನು ಕೆಲವರ ದೇಹ ನಿಧಾನಕ್ಕೆ ಅರಗಿಸುತ್ತದೆ, ಕೆಲವರದು ತಡೆಯುವುದಿಲ್ಲ. ಶ್ರೀಕಂಠನದು ತಡೆಯದ ದೇಹ. ಮೂಗು ಹಿಡಿದು ಕುಡಿಸಿದ ತನ್ನ ಬೆರಳುಗಳನ್ನು ಇಂದುಮತಿ ನೋಡಿಕೊಂಡಳು. ಹೋಗಿ ಮುಖ ತೊಳೆದುಕೊಂಡು ಬಂದಳು.

ಬಂದವಳು ತನ್ನ ಎಂಜಲನ್ನೇ ನಳಿಕೆಗೆ ಹಾಕಿ, ಹಳೆಯ ಸೊನ್ನೆಯ ಎದುರು ಇಟ್ಟಳು. ಕೆಂಪು. ಗಂಡನಷ್ಟಲ್ಲ, ಆದರೆ ಅರ್ಧ ದಾರಿ ದಾಟಿತ್ತು. ಆ ಗಾಯ ಕುಡಿಯುವುದು ಬಿಟ್ಟರೂ ನಿಲ್ಲುವಂಥದ್ದಲ್ಲ, ಹರಡುತ್ತಲೇ ಹೋಗುತ್ತದೆ ಎಂಬುದನ್ನು ಅವಳು ಓದಿದ್ದಳು.

‘ನಿಂದೂ ನೋಡೋಣ್ವ?’

‘ಬೇಡ ಅಕ್ಕ. ನಂದು ಬೇಡ,’ ಎಂದು ಜುನೈದ್ ಕುರ್ಚಿಯನ್ನೇ ಹಿಂದಕ್ಕೆ ಸರಿಸಿಕೊಂಡ. ‘ಸೋಮವಾರ ನೀವು ಎಲ್ಲರ ಮುಂದೆ ಸೊನ್ನೆ ಹೇಳ್ಬೇಕಲ್ಲ. ಅವತ್ತು ಇದನ್ನೇ ಹೇಳಿಬಿಡಿ. ಅಲ್ಲಿವರೆಗೂ ನಾನು ಮನೇಲೂ ಬಾಯಿ ಬಿಡಲ್ಲ. ನೀವು ಹೇಳ್ತೀರಲ್ಲ?’

‘ಹೇಳ್ತೀನಿ,’ ಎಂದಳು. ಆಗ ಅವಳ ಮನಸ್ಸಿನಲ್ಲೂ ಅದೇ ಇತ್ತು.

* * *

ಸರ್ವೋತ್ತಮ ರಾವ್ ಅವಳು ಹೇಳಿದ್ದನ್ನು ಅಡ್ಡಬಾಯಿ ಹಾಕದೆ ಕೇಳಿದರು. ತಮ್ಮ ಎಂಜಲನ್ನೂ ಕೊಟ್ಟರು. ತಮ್ಮ ಕೆಂಪನ್ನು ಕನ್ನಡಕ ತೆಗೆದು ಒಂದು ಸಲ, ಹಾಕಿಕೊಂಡು ಒಂದು ಸಲ ನೋಡಿದರು.

‘ನಾನೇ ಕೈಯಾರೆ ಹುಯ್ದೆನಲ್ಲಮ್ಮ,’ ಎಂದರು. ಅವರು ಅತ್ತರು. ಅದು ನಾಟಕವಾಗಿರಲಿಲ್ಲ. ಇಂದುಮತಿಗೂ ಅಳು ಬಂತು. ಮೋಸಗಾರನ ಎದುರು ನಿಂತಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಆಮೇಲೆ ಅವರು ಕಣ್ಣೊರೆಸಿಕೊಂಡು, ಮೆಲ್ಲಗೆ, ಮಗಳಿಗೆ ಬುದ್ಧಿ ಹೇಳುವ ಹಾಗೆ ಮಾತಾಡಿದರು. ‘ನಾಳೆಯಿಂದಲೇ ಪುಡಿಯಲ್ಲಿ ಆ ಬೇರು ಇರಲ್ಲ. ಕಹಿಗೆ ನೆಲಬೇವು ಹಾಕ್ತೀನಿ, ಯಾರಿಗೂ ಗೊತ್ತಾಗಲ್ಲ. ಇನ್ನು ಮುಂದೆ ಹೊಸಬರಿಗೆ ಏನೂ ಆಗಲ್ಲ. ಆಗಿರೋದು ಆಗಿದೆ. ಸೊನ್ನೆ ಬದಲಾಯಿಸಿದ್ರೆ ಏನಾಗುತ್ತೆ, ನೀನೇ ಹೇಳು. ಒಂದೇ ದಿನಕ್ಕೆ ಲಕ್ಷಾಂತರ ಮನೆ ಕೆಂಪಾಗುತ್ತೆ. ಅವರನ್ನ ಎಲ್ಲಿಗೆ ಕಳಿಸ್ತೀಯ? ಡಯಾಲಿಸಿಸ್ ಯಂತ್ರ ಊರಿಗೆ ಒಂದೂ ಇಲ್ಲ, ನಾವೇ ಮುಚ್ಚಿಸಿದ್ದು. ಔಷಧಿ ಇಲ್ಲ. ಕೊಡೋಕೆ ಹಸಿರು ಮನುಷ್ಯರು ಉಳಿದಿರಲ್ಲ. ಸಾವು ಬರ್ತಿದೆ ಅಂತ ತಿಳಿಸಿ ಸುಮ್ನೆ ಕೂರಿಸೋದು ವೈದ್ಯಾನಾ?’

‘ಅವರಿಗೆ ತಿಳಿಯೋ ಹಕ್ಕಿದೆ ಅಣ್ಣ.’

‘ಇದೆ. ತಿಳ್ಕೊಂಡು ಏನ್ ಮಾಡ್ಬೇಕು ಅಂತ ಕೇಳಿದ್ರೆ ಉತ್ತರ ಇದೆಯಾ?’

ಅವರು ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ‘ಶ್ರೀಕಂಠನಿಗೆ ಎಷ್ಟು ದಿನ ಇದೆ ಅಂತ ಡಾಕ್ಟರ್ ಹೇಳಿದ್ದಾರೆ?’

‘ಪ್ರಾಣಿಗಳ ಡಾಕ್ಟರು ತಿಂಗಳು ದಾಟಲ್ಲ ಅಂದಿದ್ದಾರೆ.’

‘ಅವನದ್ದೊಂದನ್ನ ಹಳೇ ಸೊನ್ನೆ ಮೇಲೆ ಓಡಿಸು. ಕೆಂಪು ಬರುತ್ತೆ. ಅದು ಸುಳ್ಳಲ್ಲ, ನಿಜವಾದ ವರದೀನೇ. ನಿಂದು ಈಗಿರೋ ಹಾಗೆ ಹಸಿರಾಗೇ ಇರಲಿ. ಕಸಿ ಆಗುತ್ತೆ. ಉಳಿದದ್ದನ್ನ ಹಂಗೇ ಬಿಟ್ಬಿಡು. ಎಲ್ಲರಿಗೂ ನಿಜ ಹೇಳಿದ್ರೆ ನೀನೂ ಕೆಂಪು, ಕೊಡೋಕಾಗಲ್ಲ. ಯೋಚನೆ ಮಾಡಮ್ಮ.’

ಅವರ ಮಾತಿನಲ್ಲಿ ಬೆದರಿಕೆ ಇರಲಿಲ್ಲ. ಕಷಾಯ ಹುಯ್ಯುವಾಗ ಇರುತ್ತಿದ್ದ ಅದೇ ಅಕ್ಕರೆ ಇತ್ತು. ಇಂದುಮತಿ ಕೋಣೆಯಿಂದ ಹೊರಗೆ ಬಂದಾಗ ಅವಳಿಗೆ ಕೋಪ ಬರಬೇಕಿತ್ತು. ಬಂದದ್ದು ಆಸೆ. ಆ ಆಸೆಗೆ ಅವಳಿಗೇ ನಾಚಿಕೆಯಾಯಿತು, ಆದರೂ ಅದು ಹೋಗಲಿಲ್ಲ.

* * *

ಭಾನುವಾರ ಮಧ್ಯಾಹ್ನ ಶ್ರೀಕಂಠನಿಗೆ ಗಂಜಿ ಕುಡಿಸುತ್ತಾ ಅವಳು ಎಲ್ಲವನ್ನೂ ಹೇಳಿದಳು. ಕಷಾಯದ ವಿಷ, ಆರುನೂರು ಜನ, ಲಕ್ಷಾಂತರ ಮನೆ, ಸರ್ವೋತ್ತಮಣ್ಣನ ಮಾತು. ‘ನಾನೇ ನಿಮಗೆ ಕುಡಿಸಿದೆ ರೀ,’ ಎಂದು ಹೇಳಿ, ಬಟ್ಟಲನ್ನು ಕೆಳಗಿಟ್ಟು, ಅವನ ಊದಿದ ಕಾಲಿನ ಮೇಲೆ ತಲೆಯಿಟ್ಟಳು. ಹೇಳದೆ ಉಳಿಸಿಕೊಂಡದ್ದು ಒಂದನ್ನೇ, ತನ್ನ ಕೆಂಪನ್ನು. ಸರ್ವೋತ್ತಮಣ್ಣನ ಮಾತನ್ನು ಹೇಳುವಾಗಲೂ ಅಷ್ಟನ್ನು ಕತ್ತರಿಸಿ ಹೇಳಿದ್ದಳು. ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಅವನು ಹೇಗೂ ಬೇಡ ಎನ್ನುತ್ತಾನೆ, ಬೈಯುತ್ತಾನೆ, ಸೋಮವಾರ ಎಲ್ಲರಿಗೂ ಹೇಳಿ ಬಾ ಎಂದು ಕಳಿಸುತ್ತಾನೆ. ಹಾಗೆ ಅವನು ಕಳಿಸಿಬಿಟ್ಟರೆ ತಾನು ನಿರ್ಧರಿಸುವ ಕಷ್ಟ ತಪ್ಪುತ್ತದೆ ಎಂಬುದೂ ಅವಳ ಲೆಕ್ಕದಲ್ಲಿತ್ತು.

ಶ್ರೀಕಂಠ ಅವಳ ತಲೆ ಸವರಿದ.

‘ನೀನು ಕುಡಿಸಿದ್ದು ನಾನು ಚೆನ್ನಾಗಿರ್ಲಿ ಅಂತ. ಅದನ್ನ ಬಿಡು,’ ಎಂದ. ‘ಇಂದು, ನಂಗೆ ಭಯ ಆಗುತ್ತೆ ಕಣೇ.’

ಅವಳು ತಲೆಯೆತ್ತಿದಳು. ಇಪ್ಪತ್ತೈದು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದನ್ನು ಅವಳು ಕೇಳಿರಲಿಲ್ಲ.

‘ಇಷ್ಟು ದಿನ ಬೇಡ ಬೇಡ ಅಂತಿದ್ದೆನಲ್ಲ, ಹೇಗೂ ಸಿಗಲ್ಲ ಅಂತ ಗೊತ್ತಿತ್ತು, ಅದಕ್ಕೆ. ಸಿಗದೇ ಇರೋದನ್ನ ಬೇಡ ಅನ್ನೋಕೆ ಏನು ಕಷ್ಟ? ದೊಡ್ಡ ಮನುಷ್ಯ ಆಗಬಹುದು. ಈಗ ಸಿಗುತ್ತೆ ಅಂತಿದ್ದೀಯ. ಮೊನ್ನೆ ಒಂದು ಮುದಿ ನಾಯಿ ಬಂದಿತ್ತು, ನನ್ನ ಥರಾನೇ. ಮೇಜಿನ ಮೇಲೆ ಮಲಗಿಸಿದ್ರೆ ಇಳೀತೀನಿ ಅಂತ ಒದ್ದಾಡ್ತು. ಎಲ್ಲಿಗೆ ಹೋಗುತ್ತೆ ಇಳಿದು? ಆದ್ರೂ ಒದ್ದಾಡ್ತು. ನಾನು ಅದಕ್ಕಿಂತ ಏನೂ ಬೇರೆ ಅಲ್ಲ ಇಂದು. ಮಿಕ್ಕಿದ ಜನ ಏನಾದ್ರೂ ಆಗ್ಲಿ. ನಂಗೆ ನಿಂದು ಕೊಡು.’

ತಿಂಗಳುಗಟ್ಟಲೆ ಗೋಗರೆದು ಕೇಳಿದ್ದ ಮಾತು ಕೊನೆಗೂ ಅವನ ಬಾಯಿಂದ ಬಂದಿತ್ತು. ಈಗ ತನ್ನ ಕೆಂಪಿನ ವಿಷಯ ಹೇಳಿದರೆ ಅವನು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಹೇಳದಿದ್ದರೆ ಅವಳ ಅರ್ಧ ಸತ್ತ ಮೂತ್ರಪಿಂಡ ಅವನನ್ನು ಹೆಚ್ಚೆಂದರೆ ಎರಡು ವರ್ಷ ಸಾಕುತ್ತದೆ. ಉಳಿದ ಇನ್ನೊಂದು ಅರೆಜೀವದ ಮೂತ್ರಪಿಂಡದಲ್ಲಿ ಅವಳೂ ಹೆಚ್ಚುಕಡಿಮೆ ಅಷ್ಟೇ ದಿನ ಇರುತ್ತಾಳೆ. ಇದನ್ನು ಲೆಕ್ಕ ಹಾಕಲು ಅವಳಿಗೆ ಜುನೈದ್ ಬೇಕಿರಲಿಲ್ಲ.

‘ಆಯ್ತು ರೀ. ನಂದೇ ಕೊಡ್ತೀನಿ,’ ಎಂದಳು.

ಅವನು ಮಗುವಿನಂತೆ ನಕ್ಕು, ಇನ್ನೊಂದು ಸ್ವಲ್ಪ ಗಂಜಿ ಇದೆಯಾ ಎಂದು ಕೇಳಿದ. ಒಳಗೆ ಹೋಗಿ ಗಂಜಿ ಬಗ್ಗಿಸುವಾಗ ಅವಳಿಗೆ ನಿಜಕ್ಕೂ ಸಂತೋಷವಾಯಿತು. ಆ ಸಂತೋಷದ ಬಗ್ಗೆ ಅವಳು ಯಾರಿಗೂ ಹೇಳುವಂತಿರಲಿಲ್ಲ.

* * *

ಸೋಮವಾರ ಬೆಳಿಗ್ಗೆ, ಯಾರೂ ಬರುವ ಮುಂಚೆ, ಅವಳು ಶ್ರೀಕಂಠನ ನಳಿಕೆಯನ್ನು ಹಳೆಯ ಸೊನ್ನೆಯ ಮೇಲೆ ಓಡಿಸಿ ಕೆಂಪು ವರದಿಯನ್ನು ಆಸ್ಪತ್ರೆಗೆ ಕಳಿಸಿದಳು. ಹತ್ತು ನಿಮಿಷದಲ್ಲಿ ದೊಡ್ಡಾಸ್ಪತ್ರೆಯಿಂದ ಫೋನು. ಡಾಕ್ಟರರ ದನಿಯೇ ಬದಲಾಗಿತ್ತು. ‘ಮೇಡಂ, ಇಷ್ಟು ಕೆಂಪು ನಾನು ನೋಡೇ ಇಲ್ಲ. ಗುರುವಾರವೇ ಮಾಡಿಬಿಡೋಣ. ನೀವು ಹಸಿರಿದ್ದೀರಲ್ಲ, ನಿಮ್ಮ ಅದೃಷ್ಟ.’

ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಆರುನೂರು ಜನ ಕುರ್ಚಿಗಳಲ್ಲಿ ಕೂತು ಹರಟುತ್ತಿದ್ದರು. ಸ್ವಾಗತದ ಮೇಜಿನ ಹುಡುಗಿಯರು ಒಂದೇ ಬಣ್ಣದ ಸೀರೆ ಉಟ್ಟು ಬಂದಿದ್ದರು. ಡ್ರೈವರ್‌ಗಳ ಗುಂಪು ಹಿಂದಿನ ಸಾಲಿನಲ್ಲಿ ಹುರಿಗಡಲೆ ಮೆಲ್ಲುತ್ತಿತ್ತು. ಇಂದುಮತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರ ಕಾಲು ಊದಿದೆ, ಯಾರ ಕಣ್ಣ ಕೆಳಗೆ ಬಾವು ಬಂದಿದೆ ಎಂದು ಗೊತ್ತಾಗಿಬಿಡುತ್ತಿತ್ತು. ನೋಡಬಾರದಿತ್ತು ಎನ್ನಿಸಿತು.

ಸರ್ವೋತ್ತಮಣ್ಣ ಮೈಕು ಅವಳ ಕೈಗೆ ಕೊಟ್ಟರು. ಅವಳ ಕಣ್ಣು ತಪ್ಪಿಸಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಮೂರನೆಯ ಸಾಲಿನಲ್ಲಿ ಜುನೈದ್ ಕೂತಿದ್ದ. ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ.

ಅವಳು ಬಾಯಿ ತೆರೆದಳು. ಒಂದು ಕ್ಷಣ, ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಅವಳಿಗೇ ಅನ್ನಿಸಿತು. ಹೇಳಿದ್ದರೆ ಗುರುವಾರ ಇರುತ್ತಿರಲಿಲ್ಲ.

‘ಈ ವರ್ಷದ ಸೊನ್ನೆ ಸರಿಯಾಗಿದೆ,’ ಎಂದಳು.

ಚಪ್ಪಾಳೆ ಬಿತ್ತು, ಯಾರೋ ಶಿಳ್ಳೆ ಹೊಡೆದರು, ಹಾಡು ಹಾಕಿದರು. ಜುನೈದ್ ಚಪ್ಪಾಳೆ ತಟ್ಟಲಿಲ್ಲ. ಎದ್ದು ಹೊರಗೂ ಹೋಗಲಿಲ್ಲ. ಜನ ಚದುರುವವರೆಗೆ ಅಲ್ಲೇ ಕೂತಿದ್ದು, ಆಮೇಲೆ ನಿಧಾನವಾಗಿ ಅವಳ ಹತ್ತಿರ ಬಂದ. ಅವನು ಉಗಿಯಲಿ, ಕೂಗಾಡಲಿ, ಮೈಕು ಕಿತ್ತುಕೊಂಡು ತಾನೇ ಹೇಳಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಅವನಿಗೆ ಎಲ್ಲವೂ ಗೊತ್ತಿತ್ತು. ಅವನು ಒಂದು ಮಾತು ಎತ್ತಿದರೆ ಸಾಕಿತ್ತು.

‘ಅಕ್ಕ,’ ಎಂದ. ‘ಬೆಳಿಗ್ಗೆ ನಿಮ್ಮ ಯಜಮಾನರ ವರದಿ ಹೋಗಿದ್ದು ನನ್ನ ಪ್ರೋಗ್ರಾಮಿನಲ್ಲಿ ಕಾಣಿಸ್ತು. ಹಳೇ ಸೊನ್ನೆ ಮೇಲೆ.’

‘ನಾನು ನಿಂಗೆ ಮಾತು ಕೊಟ್ಟಿದ್ದೆ ಜುನೈದ್. ತಪ್ಪಿದೆ. ನೀನು ಏನು ಬೇಕಾದ್ರೂ ಮಾಡು.’

ಅವನು ಸುತ್ತ ನೋಡಿ, ಜೇಬಿನಿಂದ ಏನನ್ನೋ ತೆಗೆದು ಅವಳ ಅಂಗೈಗೆ ಒತ್ತಿದ. ಎಂಜಲು ತುಂಬಿದ ನಳಿಕೆ.

‘ಸಬೀನಾದು. ನಿನ್ನೆಯಿಂದ ಅವಳ ಮುಖ ಊದಿದೆ. ಇದನ್ನೂ ಹಳೇದರ ಮೇಲೆ ಓಡಿಸಿ ಕೆಂಪು ಮಾಡಿಕೊಡಿ ಅಕ್ಕ. ನಾನು ಯಾರಿಗೂ ಹೇಳಲ್ಲ.’

‘ಕೆಂಪು ಬಂದ್ರೆ ಕೊಡೋರು ಯಾರಪ್ಪ?’

‘ನಾನೇ,’ ಎಂದ ಜುನೈದ್, ಅವಳ ಮುಖ ನೋಡದೆ. ‘ನಂದು ಹಸಿರಿದೆಯಲ್ಲ.’